12 ವರ್ಷ ಆಟ, 34 ವರ್ಷ ಸೇವೆ: ಡಾಕ್ಟರ್ ಜ್ಯಾಕ್ ಕೈಲ್

ಮಕ್ಕಳು ಆಟದಲ್ಲಿ ಮುಂದೆ ಬಂದರೆ ಹೆತ್ತವರ ಮನಸ್ಸಿನಲ್ಲಿ ಸಂತೋಷದ ಜೊತೆಗೆ ಸಣ್ಣದೊಂದು ಅಳುಕೂ ಹುಟ್ಟುತ್ತದೆ. ಓದು ಕೆಟ್ಟೀತೇ? ಚಪ್ಪಾಳೆ ತಲೆಗೇರೀತೇ? ಆಟದ ಕಾಲ ಮುಗಿದ ಮೇಲೆ ಮುಂದೇನು? ಊಟದ ಮೇಜಿನ ಸುತ್ತ ಕುಳಿತಾಗ ಈ ಪ್ರಶ್ನೆಗಳು ಎದ್ದು ಬರದ ಮನೆ ವಿರಳ. ಇವಕ್ಕೆ ಉಪದೇಶದಿಂದ ಉತ್ತರ ಕೊಡುವುದು ಸುಲಭ. ಆದರೆ ಉಪದೇಶವನ್ನು ಮಕ್ಕಳು ಕೇಳಿಸಿಕೊಳ್ಳುವುದು ಕಡಿಮೆ. ಆದ್ದರಿಂದ ಈ ವಾರ ನಾವು ಒಬ್ಬ ಮನುಷ್ಯನ ಬಾಳನ್ನೇ ಓದುಗರ ಮುಂದಿಡಲು ಬಯಸುತ್ತೇವೆ. ಅವರ ಹೆಸರು ಜಾನ್ ವಿಲ್ಸನ್ ಕೈಲ್. ಲೋಕಕ್ಕೆ ಅವರು ಜ್ಯಾಕ್ ಕೈಲ್. ಐರ್ಲೆಂಡ್ ದೇಶ ಕಂಡ ಅತಿ ಶ್ರೇಷ್ಠ ರಗ್ಬಿ ಆಟಗಾರರೆಂದು ಆ ದೇಶದ ರಗ್ಬಿ ಒಕ್ಕೂಟವೇ 2002ರಲ್ಲಿ ಅವರನ್ನು ಗೌರವಿಸಿತು. ಹಾಗಿದ್ದರೂ ಅವರ ದುಡಿಮೆಯ ಬಾಳಿನ ಬಹುಭಾಗ ಕಳೆದದ್ದು ಕ್ರೀಡಾಂಗಣದಲ್ಲಲ್ಲ, ಆಫ್ರಿಕಾದ ಗಣಿ ಪಟ್ಟಣವೊಂದರ ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ.

ಕೈಲ್ ಕಥೋಲಿಕರಲ್ಲ. ಉತ್ತರ ಐರ್ಲೆಂಡಿನ ರಾಜಧಾನಿ ಬೆಲ್‌ಫಾಸ್ಟ್‌ನ ಪ್ರೊಟೆಸ್ಟಂಟ್ ಮನೆತನವೊಂದರಲ್ಲಿ 1926ರ ಜನವರಿ 10ರಂದು ಅವರು ಜನಿಸಿದರು. ಅದಕ್ಕೆ ಕೆಲವೇ ವರ್ಷಗಳ ಹಿಂದೆ ಐರ್ಲೆಂಡ್ ದ್ವೀಪ ಎರಡಾಗಿ ಒಡೆದಿತ್ತು. ದಕ್ಷಿಣದ ಭಾಗ ಸ್ವತಂತ್ರ ರಾಷ್ಟ್ರವಾಗುವ ಹಾದಿ ಹಿಡಿಯಿತು. ಅಲ್ಲಿ ಕಥೋಲಿಕರು ಬಹುಸಂಖ್ಯಾತರು. ಉತ್ತರದ ಭಾಗ ಬ್ರಿಟನ್ನಿನೊಂದಿಗೇ ಉಳಿಯಿತು. ಅಲ್ಲಿ ಆಗ ಪ್ರೊಟೆಸ್ಟಂಟರು ಬಹುಸಂಖ್ಯಾತರಾಗಿದ್ದರು. ಒಂದೇ ಕ್ರಿಸ್ತನನ್ನು ನಂಬುವ ಈ ಎರಡು ಸಮುದಾಯಗಳ ನಡುವೆ ಮುಂದೆ ಹರಿದ ರಕ್ತದ ಕಥೆ ನಮ್ಮ ಓದುಗರಿಗೆ ತಿಳಿದದ್ದೇ. ಆದರೆ ರಗ್ಬಿ ಆಟ ಮಾತ್ರ ಈ ಗಡಿಗೆ ಒಪ್ಪಲಿಲ್ಲ. ದೇಶ ಎರಡಾದರೂ ರಗ್ಬಿ ತಂಡ ಒಂದೇ ಆಗಿ ಉಳಿಯಿತು. ಇಂದಿಗೂ ಒಂದೇ ಆಗಿದೆ. ಬೆಲ್‌ಫಾಸ್ಟ್‌ನ ಹುಡುಗನೂ ಡಬ್ಲಿನ್ನಿನ ಹುಡುಗನೂ ಕಾರ್ಕ್‌ನ ಹುಡುಗನೂ ಒಂದೇ ಹಸಿರು ಅಂಗಿ ತೊಟ್ಟು ಆಡುತ್ತಾರೆ. ಕೈಲ್ ಅವರ ಬಾಳಿನ ಮೊದಲ ಅಧ್ಯಾಯವನ್ನು ಅರಿಯಬೇಕಾದರೆ ಈ ಹಿನ್ನೆಲೆ ಅಗತ್ಯ.

ಆಟದ ಪರಿಚಯ

ನಮ್ಮಲ್ಲಿ ರಗ್ಬಿ ಹೆಚ್ಚು ಪರಿಚಿತವಲ್ಲದ ಕಾರಣ ಎರಡು ಮಾತು ಹೇಳುವುದು ಒಳಿತು. ರಗ್ಬಿ ಯೂನಿಯನ್ ಆಟದಲ್ಲಿ ಒಂದೊಂದು ತಂಡದಲ್ಲಿ 15 ಮಂದಿ. ಚೆಂಡು ಮೊಟ್ಟೆಯಾಕಾರದ್ದು. ಅದನ್ನು ಕೈಯಲ್ಲಿ ಹಿಡಿದು ಮುಂದಕ್ಕೆ ಓಡಬಹುದು, ಕಾಲಿನಿಂದ ಒದೆಯಬಹುದು. ಆದರೆ ಜೊತೆಯವನಿಗೆ ಎಸೆಯುವಾಗ ಮುಂದಕ್ಕೆ ಎಸೆಯುವಂತಿಲ್ಲ. ಎದುರಾಳಿಯ ಗಡಿಗೆರೆಯ ಆಚೆ ಚೆಂಡನ್ನು ನೆಲಕ್ಕೊತ್ತಿದರೆ ಅದು 'ಟ್ರೈ'. ಆ ಕಾಲದಲ್ಲಿ ಅದಕ್ಕೆ 3 ಅಂಕ. ಎಂಟು ಮಂದಿ ಬಲಶಾಲಿ ಮುನ್ನಡೆ ಆಟಗಾರರು ಹೆಗಲಿಗೆ ಹೆಗಲು ಕೊಟ್ಟು ಹೋರಾಡಿ ಚೆಂಡನ್ನು ಹೊರತರುತ್ತಾರೆ. ಹಾಗೆ ಹೊರಬಂದ ಚೆಂಡನ್ನು ಪಡೆದು, ಓಡಬೇಕೋ ಒದೆಯಬೇಕೋ ಎಸೆಯಬೇಕೋ ಎಂದು ಕ್ಷಣಾರ್ಧದಲ್ಲಿ ತೀರ್ಮಾನಿಸುವವನು 'ಫ್ಲೈ-ಹಾಫ್'. ತಂಡದ ಬುದ್ಧಿ ಎಂದರೆ ಅವನೇ. ಕೈಲ್ ಆಡಿದ್ದು ಈ ಸ್ಥಾನದಲ್ಲಿ.

ಬೆಲ್‌ಫಾಸ್ಟ್ ರಾಯಲ್ ಅಕಾಡೆಮಿಯಲ್ಲಿ ಶಾಲೆ ಮುಗಿಸಿ, ಕ್ವೀನ್ಸ್ ವಿಶ್ವವಿದ್ಯಾನಿಲಯದಲ್ಲಿ ವೈದ್ಯಕೀಯ ಓದಲು ಸೇರಿದ ತರುಣ ಕೈಲ್ ಎರಡನೆಯ ಮಹಾಯುದ್ಧ ಮುಗಿಯುವ ಹೊತ್ತಿಗೆ ಆಟದಲ್ಲಿ ಹೆಸರು ಮಾಡಿದ್ದರು. ಯುದ್ಧದ ಕಾರಣ ನಿಂತುಹೋಗಿದ್ದ ಐದು ರಾಷ್ಟ್ರಗಳ ಪಂದ್ಯಾವಳಿ 1947ರಲ್ಲಿ ಮತ್ತೆ ಆರಂಭವಾಯಿತು. ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್, ಫ್ರಾನ್ಸ್ ಮತ್ತು ಐರ್ಲೆಂಡ್ ಪ್ರತಿವರ್ಷ ಒಂದೊಂದು ಬಾರಿ ಪರಸ್ಪರ ಎದುರಾಗುವ ಪಂದ್ಯಾವಳಿಯದು. ಆ ವರ್ಷ ಫ್ರಾನ್ಸಿನ ವಿರುದ್ಧ ಡಬ್ಲಿನ್ನಿನಲ್ಲಿ ಕೈಲ್ ತಮ್ಮ ಮೊದಲ ಪೂರ್ಣ ಅಂತರರಾಷ್ಟ್ರೀಯ ಪಂದ್ಯವನ್ನಾಡಿದರು. ಆಗ ಅವರಿಗೆ 21 ವರ್ಷ.

ಮರೆಯಲಾಗದ ವರ್ಷ

ಮರುವರ್ಷ, ಅಂದರೆ 1948, ಐರಿಷ್ ರಗ್ಬಿಯ ಪಾಲಿಗೆ ಹಬ್ಬದ ವರ್ಷ. ಹೊಸವರ್ಷದ ದಿನದಂದೇ ಪ್ಯಾರಿಸ್ಸಿನ ಹೊರವಲಯದ ಕೊಲೊಂಬ್‌ನಲ್ಲಿ ಫ್ರಾನ್ಸನ್ನು 13-6ರಿಂದ ಸೋಲಿಸಿದರು. ಫೆಬ್ರವರಿಯಲ್ಲಿ ಲಂಡನ್ನಿನ ಟ್ವಿಕನ್‌ಹ್ಯಾಮ್ ಮೈದಾನದಲ್ಲಿ ಇಂಗ್ಲೆಂಡನ್ನು ಕೇವಲ ಒಂದು ಅಂಕದ ಅಂತರದಿಂದ, 11-10ರಿಂದ ಮಣಿಸಿದರು. ಅದೇ ತಿಂಗಳ ಕೊನೆಗೆ ಡಬ್ಲಿನ್ನಿನಲ್ಲಿ ಸ್ಕಾಟ್ಲೆಂಡ್ 6-0ಯಿಂದ ಸೋತಿತು. ಉಳಿದದ್ದು ವೇಲ್ಸ್. ಮಾರ್ಚ್ 13ರಂದು ಬೆಲ್‌ಫಾಸ್ಟ್‌ನ ರೇವನ್‌ಹಿಲ್ ಮೈದಾನ ಕಿಕ್ಕಿರಿದಿತ್ತು. ಮುನ್ನಡೆ ಸಾಲಿನ ಜ್ಯಾಕ್ ಡೇಲಿ ಗಳಿಸಿದ ಟ್ರೈಯಿಂದ ಐರ್ಲೆಂಡ್ 6-3ರಿಂದ ಗೆದ್ದಿತು. ಹುಚ್ಚೆದ್ದ ಜನ ಡೇಲಿಯ ಅಂಗಿಯನ್ನೇ ಹರಿದು ನೆನಪಿಗೆಂದು ಚೂರುಚೂರಾಗಿ ಹಂಚಿಕೊಂಡರೆಂದು ಹೇಳುತ್ತಾರೆ. ಒಂದೇ ಋತುವಿನಲ್ಲಿ ನಾಲ್ಕೂ ಎದುರಾಳಿಗಳನ್ನು ಗೆಲ್ಲುವುದಕ್ಕೆ 'ಗ್ರ್ಯಾಂಡ್ ಸ್ಲ್ಯಾಮ್' ಎಂದು ಹೆಸರು. ಐರ್ಲೆಂಡಿಗೆ ಅದು ಮೊದಲನೆಯದು. ಎರಡನೆಯದಕ್ಕಾಗಿ ಆ ದೇಶ 61 ವರ್ಷ ಕಾಯಬೇಕಾಯಿತು.

ಅಂದು ಗೆದ್ದ ತಂಡದ ನಾಯಕ ಕಾರ್ಲ್ ಮಲನ್. ಡಬ್ಲಿನ್ನಿನಲ್ಲಿ ಯೇಸುಸಭೆಯ ಗುರುಗಳು ನಡೆಸುವ ಬೆಲ್ವಿಡಿಯರ್ ಕಾಲೇಜಿನ ಹಳೆಯ ವಿದ್ಯಾರ್ಥಿ. ಮುಂದೆ ಸ್ತ್ರೀರೋಗ ತಜ್ಞರಾಗಿ ಹೆಸರಾದವರು. ದಕ್ಷಿಣದ ಕಥೋಲಿಕ ನಾಯಕ, ಉತ್ತರದ ಪ್ರೊಟೆಸ್ಟಂಟ್ ಫ್ಲೈ-ಹಾಫ್, ಗೆಲುವು ಬೆಲ್‌ಫಾಸ್ಟ್ ನಗರದಲ್ಲಿ! ರಾಜಕಾರಣಿಗಳು ಒಂದೇ ಕೋಣೆಯಲ್ಲಿ ಕುಳಿತುಕೊಳ್ಳಲೂ ಹಿಂಜರಿಯುತ್ತಿದ್ದ ಕಾಲದಲ್ಲಿ ಇವರು ಒಂದೇ ಕೋಣೆಯಲ್ಲಿ ಅಂಗಿ ಬದಲಿಸಿ ಮೈದಾನಕ್ಕೆ ಇಳಿದರು.

1949ರಲ್ಲಿ ಐರ್ಲೆಂಡ್ ಮತ್ತೆ ಪಂದ್ಯಾವಳಿಯನ್ನು ಗೆದ್ದಿತು. ಆ ವರ್ಷದ ತಂಡದಲ್ಲಿ ನಮ್ಮ ಓದುಗರಿಗೆ ವಿಶೇಷವೆನಿಸುವ ಒಬ್ಬರಿದ್ದರು. ಅವರೇ ವಂದನೀಯ ಟಾಮ್ ಗ್ಯಾವಿನ್, ದೀಕ್ಷೆ ಪಡೆದ ಕಥೋಲಿಕ ಗುರು. ಇಂಗ್ಲೆಂಡಿನ ಕಾಟನ್ ಕಾಲೇಜಿನಲ್ಲಿ ಬೋಧಿಸುತ್ತ, ಲಂಡನ್ ಐರಿಷ್ ಕ್ಲಬ್ಬಿಗೆ ಆಡುತ್ತಿದ್ದ ಅವರು ಫ್ರಾನ್ಸ್ ಮತ್ತು ಇಂಗ್ಲೆಂಡ್ ವಿರುದ್ಧ ಎರಡು ಪಂದ್ಯಗಳಲ್ಲಿ ಐರ್ಲೆಂಡಿನ ಪರ ಕಣಕ್ಕಿಳಿದರು. ಅವರ ಪಕ್ಕದಲ್ಲೇ, ಫ್ಲೈ-ಹಾಫ್ ಸ್ಥಾನದಲ್ಲಿ, ಕೈಲ್. ಭಾನುವಾರ ಬಲಿಪೀಠದ ಮುಂದೆ ನಿಲ್ಲುವ ಗುರುವಿಗೆ ಶನಿವಾರ ಚೆಂಡು ಕೊಡುತ್ತಿದ್ದವನು ವೈದ್ಯ ವಿದ್ಯಾರ್ಥಿ. ಫಾದರ್ ಗ್ಯಾವಿನ್ ಮುಂದೆ ಕೊವೆಂಟ್ರಿಯಲ್ಲಿ ಧರ್ಮಕೇಂದ್ರದ ಗುರುಗಳಾಗಿ ಬಹುಕಾಲ ಸೇವೆ ಸಲ್ಲಿಸಿ, 2009ರ ಕ್ರಿಸ್ಮಸ್ ದಿನದಂದು ಕರ್ತನಲ್ಲಿ ನಿದ್ರಿಸಿದರು.

ಹೀಗೆ ಕರೆಗೆ ಓಗೊಟ್ಟವರು ಇನ್ನೊಬ್ಬರೂ ಉಂಟು. 1956ರಲ್ಲಿ ಡಬ್ಲಿನ್ನಿನಲ್ಲಿ ಐರ್ಲೆಂಡ್ ವೇಲ್ಸನ್ನು 11-3ರಿಂದ ಸೋಲಿಸಿದಾಗ ಕೈಲ್ ಡ್ರಾಪ್ ಗೋಲ್ ಹೊಡೆದರು. ಟ್ರೈ ಗಳಿಸಿದವರು ಮಾರ್ನಿ ಕನಿಂಗ್‌ಹ್ಯಾಮ್. ಆ ಬಳಿಕ ಕನಿಂಗ್‌ಹ್ಯಾಮ್ ಆಟವನ್ನು ತೊರೆದು ಗುರುದೀಕ್ಷೆಯ ಹಾದಿ ಹಿಡಿದರು. ಪ್ರಸಿದ್ಧಿ ಕೈಗೆ ಬಂದ ಹೊತ್ತಿಗೇ ಅದನ್ನು ಕೆಳಗಿಟ್ಟು ನಡೆಯುವ ಧೈರ್ಯ ಎಲ್ಲರಿಗೂ ಇರುವುದಿಲ್ಲ.

ಆಟ ಮತ್ತು ಓದು

ಹೆತ್ತವರು ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಆ ಕಾಲದ ರಗ್ಬಿ ಯೂನಿಯನ್ ಸಂಪೂರ್ಣ ಹವ್ಯಾಸಿ ಆಟ. ಆಡಿದ್ದಕ್ಕೆ ಸಂಬಳವಿಲ್ಲ. 1995ರಲ್ಲಷ್ಟೇ ಆ ಆಟ ವೃತ್ತಿಪರವಾಯಿತು. ಲಕ್ಷಾಂತರ ಜನರ ಕಣ್ಮಣಿಯಾಗಿದ್ದ ಕೈಲ್ ಸೋಮವಾರ ಬೆಳಗ್ಗೆ ಇತರ ವಿದ್ಯಾರ್ಥಿಗಳಂತೆಯೇ ತರಗತಿಗೂ ಆಸ್ಪತ್ರೆಯ ವಾರ್ಡಿಗೂ ಹೋಗಬೇಕಿತ್ತು. 1948 ಮತ್ತು 1949ರ ಗೆಲುವುಗಳೆಲ್ಲ ಅವರು ವಿದ್ಯಾರ್ಥಿಯಾಗಿದ್ದಾಗ ಬಂದಂಥವು.

1950ರಲ್ಲಿ ಮಲನ್ ನಾಯಕತ್ವದ ಬ್ರಿಟಿಷ್ ಲಯನ್ಸ್ ತಂಡದೊಂದಿಗೆ ಕೈಲ್ ನ್ಯೂಜಿಲೆಂಡ್ ಮತ್ತು ಆಸ್ಟ್ರೇಲಿಯಾ ಪ್ರವಾಸ ಕೈಗೊಂಡರು. ವಿಮಾನವಲ್ಲ, ಹಡಗಿನ ಪಯಣ. ಹೋಗಿ ಬರಲು ತಿಂಗಳುಗಟ್ಟಲೆ. ಡನೀಡನ್ ನಗರದಲ್ಲಿ ನ್ಯೂಜಿಲೆಂಡ್ ವಿರುದ್ಧ ನಡೆದ ಮೊದಲ ಟೆಸ್ಟಿನಲ್ಲಿ ಅವರು ಟ್ರೈ ಗಳಿಸಿದರು; ಪಂದ್ಯ 9-9ರಲ್ಲಿ ಸಮವಾಯಿತು. ಪ್ರವಾಸದ ಆರೂ ಟೆಸ್ಟುಗಳಲ್ಲಿ ಅವರು ಆಡಿದರು. ಸರಣಿಯನ್ನು ನ್ಯೂಜಿಲೆಂಡ್ ಗೆದ್ದರೂ ಕೈಲ್ ಆಟವನ್ನು ಆ ನಾಡಿನ ಜನ ದೀರ್ಘಕಾಲ ನೆನೆದರು. ಬೇರೆ ಯಾರಿಗಾದರೂ ಇಷ್ಟು ಸಾಕಿತ್ತು, ಪುಸ್ತಕಗಳನ್ನು ಮೂಲೆಗೆ ಸೇರಿಸಲು. ಕೈಲ್ ಮನೆಗೆ ಮರಳಿ ಪುಸ್ತಕ ತೆರೆದರು. 1951ರಲ್ಲಿ ವೈದ್ಯ ಪದವಿ ಪಡೆದರು. ಅದೇ ವರ್ಷ ಐರ್ಲೆಂಡ್ ಮತ್ತೊಮ್ಮೆ ಪಂದ್ಯಾವಳಿಯನ್ನು ಗೆದ್ದಿತು. ವೇಲ್ಸ್ ವಿರುದ್ಧ 3-3ರಲ್ಲಿ ಸಮವಾದ ಪಂದ್ಯದ ಐರಿಷ್ ಟ್ರೈ ಕೈಲ್ ಅವರದೇ.

ಅವರ ಆಟದ ರೀತಿಯನ್ನು ಕಂಡವರು ಒಂದು ಗುಣವನ್ನು ಒತ್ತಿ ಹೇಳುತ್ತಾರೆ. ಅವರು ಅಬ್ಬರಿಸುತ್ತಿರಲಿಲ್ಲ. ಪಂದ್ಯದ ಬಹುಭಾಗ ಇದ್ದಾರೋ ಇಲ್ಲವೋ ಎಂಬಂತೆ ಶಾಂತರಾಗಿ, ತಾಳ್ಮೆಯಿಂದ ಚೆಂಡನ್ನು ಒದ್ದು ತಮ್ಮವರನ್ನು ಮುಂದಕ್ಕೆ ಕಳಿಸುತ್ತಿದ್ದರು. ಎದುರಾಳಿಗಳ ಸಾಲಿನಲ್ಲಿ ಒಂದು ಕಿಂಡಿ ಕಂಡದ್ದೇ ತಡ, ಮಿಂಚಿನಂತೆ ನುಗ್ಗಿ ಮಾಯವಾಗುತ್ತಿದ್ದರು. 1953ರಲ್ಲಿ ರೇವನ್‌ಹಿಲ್‌ನಲ್ಲಿ ಫ್ರಾನ್ಸಿನ ವಿರುದ್ಧ ಅವರು ಗಳಿಸಿದ ಟ್ರೈ ಇಂಥದೇ. ಅದನ್ನು ಹಾಡಿಹೊಗಳಿ ಪದ್ಯ ಕಟ್ಟಿದವರೂ ಉಂಟು. ದಾಳಿಯಲ್ಲಿ ಎಷ್ಟೋ ರಕ್ಷಣೆಯಲ್ಲೂ ಅಷ್ಟೇ; ಗೆಳೆಯನ ತಪ್ಪನ್ನು ಮುಚ್ಚಲು ಹಿಂದಕ್ಕೆ ಓಡಿ ಬರುತ್ತಿದ್ದವರಲ್ಲಿ ಅವರು ಮೊದಲಿಗರು. 1958ರಲ್ಲಿ ಸ್ಕಾಟ್ಲೆಂಡ್ ವಿರುದ್ಧ ಕೊನೆಯ ಪಂದ್ಯ ಆಡಿದಾಗ ಐರ್ಲೆಂಡಿನ ಪರ ಅವರ ಪಂದ್ಯಗಳು 46. ಆ ಕಾಲಕ್ಕೆ ಅದು ವಿಶ್ವದಾಖಲೆ. ಮರುವರ್ಷ ಬ್ರಿಟಿಷ್ ಸರಕಾರ ಓ.ಬಿ.ಇ. ಗೌರವ ನೀಡಿತು.

ಬಾಳಿನ ಎರಡನೆಯ ಅಧ್ಯಾಯ

ಆಗ ಕೈಲ್ ಅವರಿಗೆ 32 ವರ್ಷ. ಹೆಸರು, ವೈದ್ಯ ಪದವಿ, ಮೆಚ್ಚುವ ಜನ ಎಲ್ಲವೂ ಇತ್ತು. ಬೆಲ್‌ಫಾಸ್ಟ್‌ನಲ್ಲಿ ಒಂದು ಚಿಕಿತ್ಸಾಲಯ ತೆರೆದು ಬಾಗಿಲಲ್ಲಿ ತಮ್ಮ ಹೆಸರು ಬರೆಸಿದ್ದರೆ ಜನ ಸಾಲುಗಟ್ಟಿ ನಿಲ್ಲುತ್ತಿದ್ದರು. ಅವರು ಹಾಗೆ ಮಾಡಲಿಲ್ಲ. 1960ರ ದಶಕದ ಆರಂಭದಲ್ಲಿ ಇಂಡೊನೇಷ್ಯಾಕ್ಕೆ ತೆರಳಿ ಅಲ್ಲಿ ಕೆಲಕಾಲ ವೈದ್ಯರಾಗಿ ದುಡಿದರು. ಬಳಿಕ 1966ರಲ್ಲಿ ಆಫ್ರಿಕಾದ ಝಾಂಬಿಯಾ ದೇಶದ ಚಿಂಗೋಲಾ ಪಟ್ಟಣಕ್ಕೆ ಹೋದರು.

ಝಾಂಬಿಯಾ ಸ್ವತಂತ್ರವಾದದ್ದು 1964ರ ಅಕ್ಟೋಬರ್ 24ರಂದು. ಅಂದರೆ ಕೈಲ್ ಹೋಗುವಾಗ ಆ ರಾಷ್ಟ್ರಕ್ಕೆ ಇನ್ನೂ ಎರಡು ವರ್ಷ ತುಂಬುವ ಹೊತ್ತು. ಚಿಂಗೋಲಾ ಇರುವುದು ತಾಮ್ರದ ಗಣಿಗಳ ಸೀಮೆಯಲ್ಲಿ. ಪಕ್ಕದಲ್ಲೇ ಎನ್‌ಚಾಂಗಾದ ಬೃಹತ್ ತೆರೆದ ಗಣಿ. ಇಡೀ ದೇಶದ ಆದಾಯ ತಾಮ್ರವನ್ನೇ ನೆಚ್ಚಿಕೊಂಡಿತ್ತು. ಹೊಸ ರಾಷ್ಟ್ರದಲ್ಲಿ ತರಬೇತಾದ ವೈದ್ಯರು ಬೆರಳೆಣಿಕೆಯಷ್ಟು. ಶಸ್ತ್ರವೈದ್ಯರಂತೂ ಇನ್ನೂ ವಿರಳ. ಇಂಥ ಊರಿನಲ್ಲಿ ಶಸ್ತ್ರವೈದ್ಯನೆಂದರೆ ಒಂದೇ ಅಂಗದ ತಜ್ಞನಾಗಿ ಕುಳಿತುಕೊಳ್ಳುವಂತಿಲ್ಲ. ಗಣಿಯಲ್ಲಿ ಕೈಕಾಲು ಜಜ್ಜಿಹೋದವನು ಬರುತ್ತಾನೆ. ಹೆರಿಗೆ ಕಷ್ಟವಾದ ತಾಯಿ ಬರುತ್ತಾಳೆ. ಸುಟ್ಟಗಾಯದ ಮಗುವನ್ನು ಹೊತ್ತು ಅಜ್ಜಿ ಬರುತ್ತಾಳೆ. ದೊಡ್ಡಾಸ್ಪತ್ರೆಗೆ ಕಳಿಸೋಣವೆಂದರೆ ದೂರ. ಇನ್ನೊಬ್ಬರನ್ನು ಕೇಳೋಣವೆಂದರೆ ಆಳಿಲ್ಲ. ಕ್ಷಣಾರ್ಧದಲ್ಲಿ ತೀರ್ಮಾನಿಸಬೇಕು, ಕೈ ನಡುಗಬಾರದು, ಅಬ್ಬರಿಸಬಾರದು. ಮೈದಾನದಲ್ಲಿ ಕಲಿತ ಗುಣ ಇಲ್ಲಿ ಬೇರೊಂದು ರೂಪದಲ್ಲಿ ಕೆಲಸಕ್ಕೆ ಬಂದಿರಬೇಕೆಂದು ನಮಗೆ ತೋರುತ್ತದೆ.

1970ರ ದಶಕದ ನಡುವಿನಲ್ಲಿ ಜಗತ್ತಿನ ಮಾರುಕಟ್ಟೆಯಲ್ಲಿ ತಾಮ್ರದ ಬೆಲೆ ಕುಸಿಯಿತು. ಝಾಂಬಿಯಾದ ಬೊಕ್ಕಸ ಬರಿದಾಗತೊಡಗಿತು. ಔಷಧಿ, ಸಲಕರಣೆಗಳಿಗೆ ಕೊರತೆ ಬಂತು. 1980ರ ದಶಕದಲ್ಲಿ ಏಡ್ಸ್ ವ್ಯಾಧಿ ಆ ಸೀಮೆಯನ್ನು ಕಾಡತೊಡಗಿತು. ಎಷ್ಟೋ ಮನೆಗಳಲ್ಲಿ ದುಡಿಯುವವರೇ ಇಲ್ಲವಾದರು. ರಕ್ತದಿಂದ ಹರಡಬಲ್ಲ ಆ ಸೋಂಕಿನ ಕಾಲದಲ್ಲಿ ಶಸ್ತ್ರಚಿಕಿತ್ಸೆ ಮಾಡುವ ಕೈಗೂ ಅಪಾಯವಿತ್ತು. ಎಷ್ಟೋ ವಿದೇಶಿ ವೈದ್ಯರು ಒಂದೆರಡು ವರ್ಷ ದುಡಿದು ಮರಳುವ ದೇಶದಲ್ಲಿ ಕೈಲ್ ಉಳಿದರು. ಒಂದಲ್ಲ ಎರಡಲ್ಲ, 34 ವರ್ಷ. ಹೋದಾಗ 40ರ ಹರೆಯ. ಊರಿಗೆ ಮರಳಿದ್ದು 2000ದಲ್ಲಿ, 74 ತುಂಬಿದ ಬಳಿಕ.

ಚಿಂಗೋಲಾದ ರೋಗಿಗಳಲ್ಲಿ ಎಷ್ಟು ಮಂದಿಗೆ ತಮ್ಮ ಹೊಟ್ಟೆಗೆ ಹೊಲಿಗೆ ಹಾಕುತ್ತಿರುವವರು ಒಂದು ಕಾಲದ ಜಗತ್ಪ್ರಸಿದ್ಧ ಆಟಗಾರರೆಂದು ಗೊತ್ತಿದ್ದೀತು? ಬಹುಶಃ ತೀರಾ ಕಡಿಮೆ. ಗೊತ್ತಾಗಲಿ ಎಂದು ಅವರೂ ಬಯಸಿದಂತೆ ಕಾಣುವುದಿಲ್ಲ. ಅವರನ್ನು ಬಲ್ಲವರೆಲ್ಲ ಒಕ್ಕೊರಲಿನಿಂದ ಹೇಳುವುದು ಅವರ ವಿನಯದ ಮಾತನ್ನೇ. ತಮ್ಮ ಆಟದ ಬಗೆಗೆ ಕೇಳಿದರೆ ಗೆಳೆಯರ ಆಟವನ್ನು ಹೊಗಳಿ ಮಾತು ತಿರುಗಿಸುತ್ತಿದ್ದರು. ಕಾವ್ಯದ ವಿಷಯ ಬಂದರೆ ಮಾತ್ರ ಮನಸ್ಸು ಬಿಚ್ಚಿ ಮಾತನಾಡುತ್ತಿದ್ದರು.

ಇಷ್ಟನ್ನು ಹೇಳುವಾಗ ಅವರನ್ನು ಸಂತಪದವಿಗೆ ಏರಿಸುವುದು ನಮ್ಮ ಉದ್ದೇಶವಲ್ಲ. ಅವರು ಧರ್ಮಪ್ರಚಾರಕರಾಗಿ ಹೋದವರಲ್ಲ. ಸಂಬಳ ಪಡೆದು ದುಡಿದ ವೈದ್ಯರು. ಆದರೆ ಎಲ್ಲಿ ತನ್ನ ಕೈಗಳ ಅಗತ್ಯ ಹೆಚ್ಚೋ ಅಲ್ಲಿ ನೆಲೆನಿಲ್ಲುವುದನ್ನು ಏನೆಂದು ಕರೆಯೋಣ? ಕರೆ ಎಂಬುದು ಗುರುಮಠಕ್ಕೋ ಕನ್ಯಾಮಠಕ್ಕೋ ಹೋಗುವವರಿಗೆ ಮಾತ್ರ ಮೀಸಲೆಂದು ನಾವು ಅನೇಕ ವೇಳೆ ಭಾವಿಸುತ್ತೇವೆ. ಫಾದರ್ ಗ್ಯಾವಿನ್ ಬಲಿಪೀಠಕ್ಕೆ ಮರಳಿದ್ದು ಕರೆಯಾದರೆ, ಅವರ ಪಕ್ಕದಲ್ಲಿ ಆಡಿದ ಕೈಲ್ ಚಿಂಗೋಲಾದ ವಾರ್ಡಿಗೆ ಹೋದದ್ದೂ ಕರೆಯಲ್ಲವೇ?

ಕಾರ್ಡಿಫ್‌ನ ಸಂಜೆ

ಕೈಲ್ ಚಿಂಗೋಲಾದಲ್ಲಿದ್ದ ಆ ವರ್ಷಗಳಲ್ಲಿ ಅವರ ತವರು ಹೊತ್ತಿ ಉರಿಯುತ್ತಿತ್ತು. 1960ರ ದಶಕದ ಕೊನೆಯಿಂದ 1998ರ ಶುಭ ಶುಕ್ರವಾರದ ಒಪ್ಪಂದದವರೆಗೆ ಉತ್ತರ ಐರ್ಲೆಂಡಿನ ಕಲಹದಲ್ಲಿ 3,500ರಷ್ಟು ಜನ ಪ್ರಾಣ ಕಳೆದುಕೊಂಡರು. ರಗ್ಬಿಗೂ ಬಿಸಿ ತಟ್ಟದೆ ಇರಲಿಲ್ಲ. ಯಾವ ರಾಷ್ಟ್ರಗೀತೆಗೆ ಎದ್ದು ನಿಲ್ಲಬೇಕೆಂಬುದೇ ತೊಡಕಾಗಿತ್ತು. 1954ರ ಬಳಿಕ ಐರ್ಲೆಂಡಿನ ಪ್ರಮುಖ ಪಂದ್ಯಗಳು ಬೆಲ್‌ಫಾಸ್ಟ್‌ನಲ್ಲಿ ನಡೆಯಲೇ ಇಲ್ಲ. ಅಲ್ಲಿ ಮತ್ತೆ ಪೂರ್ಣ ಅಂತರರಾಷ್ಟ್ರೀಯ ಪಂದ್ಯ ನಡೆದದ್ದು 2007ರಲ್ಲಿ. ಇಬ್ಬರೂ ಕೂಡಿ ಹಾಡಬಹುದಾದ ಗೀತೆಯೊಂದನ್ನು ರಗ್ಬಿ ಒಕ್ಕೂಟ 1995ರಲ್ಲಿ ಹೊಸದಾಗಿ ಬರೆಸಬೇಕಾಯಿತು. ಇಷ್ಟಾದರೂ ತಂಡ ಒಡೆಯಲಿಲ್ಲ.

ಊರಿಗೆ ಮರಳಿದ ಕೈಲ್, ಡೌನ್ ಜಿಲ್ಲೆಯ ಬ್ರಯಾನ್ಸ್‌ಫರ್ಡ್ ಎಂಬ ಹಳ್ಳಿಯಲ್ಲಿ ಮೋರ್ನ್ ಬೆಟ್ಟಗಳ ತಪ್ಪಲಲ್ಲಿ ನೆಲೆಸಿದರು. 2009ರ ಮಾರ್ಚ್ 21ರಂದು ವೇಲ್ಸ್ ದೇಶದ ಕಾರ್ಡಿಫ್ ನಗರದಲ್ಲಿ ಐರ್ಲೆಂಡ್ ಮತ್ತೊಮ್ಮೆ ಗ್ರ್ಯಾಂಡ್ ಸ್ಲ್ಯಾಮಿನ ಹೊಸ್ತಿಲಲ್ಲಿ ನಿಂತಿತ್ತು. ಎದುರಾಳಿ ವೇಲ್ಸೇ. ಪ್ರೇಕ್ಷಕರ ನಡುವೆ 83ರ ಹರೆಯದ ಕೈಲ್ ಕುಳಿತಿದ್ದರು. ಕೈಲ್ ಆಡುತ್ತಿದ್ದ ಸ್ಥಾನದಲ್ಲೇ ಆಡುತ್ತಿದ್ದ ರೋನನ್ ಓಗಾರ ಕೊನೆಯ ನಿಮಿಷಗಳಲ್ಲಿ ಹೊಡೆದ ಡ್ರಾಪ್ ಗೋಲಿನಿಂದ ಐರ್ಲೆಂಡ್ ಮುಂದೆ ಬಂತು. ಕಟ್ಟಕಡೆಯ ಕ್ಷಣದಲ್ಲಿ ವೇಲ್ಸ್ ಒದ್ದ ಪೆನಾಲ್ಟಿ ಗುರಿ ಮುಟ್ಟದೆ ಬಿತ್ತು. ಅಂತಿಮ ಅಂಕ 17-15. ಆ ಸಂಜೆ ಹಸಿರು ಅಂಗಿಯ ನಾಯಕ ಬ್ರಯನ್ ಓಡ್ರಿಸ್ಕಲ್ ನರೆತ ಕೂದಲಿನ ಡಾಕ್ಟರರನ್ನು ಭೇಟಿಯಾದ ಚಿತ್ರ ಐರ್ಲೆಂಡಿನ ಮನೆಮನೆಯನ್ನೂ ಮುಟ್ಟಿತು. ಒಬ್ಬರು ದಕ್ಷಿಣದವರು, ಒಬ್ಬರು ಉತ್ತರದವರು. ನಡುವೆ 61 ವರ್ಷ. ಮರುತಿಂಗಳು ಹಳೆಯ ನಾಯಕ ಕಾರ್ಲ್ ಮಲನ್ ತೀರಿಕೊಂಡರು. ತಾವು ಗೆದ್ದ ಕೀರ್ತಿಯನ್ನು ಮುಂದಿನ ಪೀಳಿಗೆ ಮತ್ತೆ ಗೆದ್ದದ್ದನ್ನು ಅರಿತೇ ಅವರು ಕಣ್ಮುಚ್ಚಿದರು.

ಜ್ಯಾಕ್ ಕೈಲ್ 2014ರ ನವೆಂಬರ್ 28ರಂದು, 88ನೆಯ ವಯಸ್ಸಿನಲ್ಲಿ ನಿಧನರಾದರು. ಅದೇ ವರ್ಷ ಅವರ ಮಗಳು ಜಸ್ಟಿನ್ ತಂದೆಯೊಡನೆ ನಡೆಸಿದ ಮಾತುಕತೆಗಳನ್ನು ಪುಸ್ತಕವಾಗಿ ಹೊರತಂದಿದ್ದರು. ಕ್ವೀನ್ಸ್ ವಿಶ್ವವಿದ್ಯಾನಿಲಯದಲ್ಲಿ ಆಡುತ್ತಾ ಓದುವ ತರುಣರಿಗೆ ನೆರವಾಗುವ ನಿಧಿಯೊಂದು ಅವರ ಹೆಸರಿನಲ್ಲಿದೆ. ಆಟವೂ ಓದೂ ಜೊತೆಗಿರಬಲ್ಲವೆಂಬುದಕ್ಕೆ ಇದಕ್ಕಿಂತ ತಕ್ಕ ಸ್ಮಾರಕ ಬೇಕಿಲ್ಲ.

ಆರಂಭದ ಪ್ರಶ್ನೆಗೆ ಮರಳೋಣ. ಆಟದ ಕಾಲ ಮುಗಿದ ಮೇಲೆ ಮುಂದೇನು? ಕೈಲ್ ಅವರ ಲೆಕ್ಕ ಸರಳ: ಹಸಿರು ಅಂಗಿಯಲ್ಲಿ 12 ಋತುಗಳು, ಚಿಂಗೋಲಾದಲ್ಲಿ 34 ವರ್ಷಗಳು. ಮೊದಲನೆಯದನ್ನು ಸಾವಿರಾರು ಜನ ನೋಡಿದರು, ಪತ್ರಿಕೆಗಳು ಬರೆದಿಟ್ಟವು. ಎರಡನೆಯದನ್ನು ನೋಡಿದವರು ನೋವಿನಲ್ಲಿ ಮಲಗಿದ್ದ ಬಡವರು. ಅವರಲ್ಲಿ ಬಹುಮಂದಿಯ ಹೆಸರು ಎಲ್ಲೂ ಅಚ್ಚಾಗಿಲ್ಲ. ನಮ್ಮ ಮಕ್ಕಳು ಆಡಲಿ, ಗೆಲ್ಲಲಿ, ನಾವೂ ಚಪ್ಪಾಳೆ ತಟ್ಟೋಣ. ಜೊತೆಗೇ, ಯಾರೂ ಚಪ್ಪಾಳೆ ತಟ್ಟದ ಜಾಗದಲ್ಲಿ ಅವರು ಯಾರಿಗೆ ಬೇಕಾದವರಾಗಬಲ್ಲರು ಎಂಬ ಪ್ರಶ್ನೆಯನ್ನೂ ಒಂದು ಸಂಜೆ, ಜಪಸರದ ಬಳಿಕ, ಊಟಕ್ಕೆ ಮುಂಚೆ, ಅವರೊಡನೆ ಕುಳಿತು ಕೇಳೋಣ.